ಸವೆಯಬೇಕಾದದ್ದು ಸವೆಯಲಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರನ್ನು ನಾನು ಹತ್ತಿರದಿಂದ ಬಲ್ಲೆ. ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಷರತ್ತು ಹಾಕಿಯೇ ಹಣ ಇಟ್ಟವರು, ಹಾಗಾಗಿ ನಾನೂ ಹೇಳುವುದಿಲ್ಲ. ನಮ್ಮ ಪೇಟೆಯಲ್ಲಿ ಬಹಳ ಕಾಲ ಹಾರ್ಡ್‌ವೇರ್ ಅಂಗಡಿ ನಡೆಸಿದರು. ಅವರಲ್ಲಿ ಹೋಗಿ 'ಒಂದು ನಲ್ಲಿ ಕೊಡಿ' ಎಂದರೆ ಕೂಡಲೇ ನಲ್ಲಿ ಸಿಗುತ್ತಿರಲಿಲ್ಲ. 'ಹಳೇದಕ್ಕೆ ಎಂತ ಆಯ್ತು?' ಎಂಬ ಪ್ರಶ್ನೆ ಮೊದಲು ಬರುತ್ತಿತ್ತು. ಸೋರುತ್ತದೆ ಎಂದರೆ 'ಎಲ್ಲಿಂದ? ಬಾಯಿಂದಲೋ, ತಿರುಪಿನ ಬುಡದಿಂದಲೋ?' ಬಾಯಿಂದ ಎಂದರೆ ಮೇಲಿನ ಡಬ್ಬಿಯಿಂದ ಒಂದು ವಾಷರ್ ತೆಗೆದು ಕೊಡುತ್ತಿದ್ದರು. ಬುಡದಿಂದ ಎಂದರೆ ಸುತ್ತಲು ಒಂದಿಷ್ಟು ನೂಲು. ನಲ್ಲಿ ಮಾರಿದರೆ ಬರುವ ಲಾಭಕ್ಕೂ ವಾಷರ್ ಮಾರಿದರೆ ಬರುವ ಲಾಭಕ್ಕೂ ಹೋಲಿಕೆಯೇ ಇಲ್ಲ. ಆದರೂ ಅವರು ಕೇಳುವುದನ್ನು ಬಿಡಲಿಲ್ಲ.

ನಾನು ಪಾಲಿಟೆಕ್ನಿಕ್‌ನ ಸಿವಿಲ್ ವಿಭಾಗದಲ್ಲಿ 31 ವರ್ಷ ಪಾಠ ಮಾಡಿದವಳು. ಕಟ್ಟಡ ಸಾಮಗ್ರಿ ಮತ್ತು ಎಸ್ಟಿಮೇಟಿಂಗ್ ನನ್ನ ವಿಷಯಗಳು. ಒಂದು ಚದರ ಗಾರೆಗೆ ಎಷ್ಟು ಸಿಮೆಂಟು, ಎಷ್ಟು ಹೊಯಿಗೆ, ಎಷ್ಟು ಆಳು ಎಂಬ ಲೆಕ್ಕವನ್ನು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ನಮ್ಮ ಪಠ್ಯದಲ್ಲಿ ದುರಸ್ತಿಯ ಅಧ್ಯಾಯ ಕೊನೆಯಲ್ಲಿತ್ತು. ಪರೀಕ್ಷೆ ಹತ್ತಿರ ಬಂದಾಗ ಮೊದಲು ಬಿಟ್ಟುಬಿಡುತ್ತಿದ್ದದ್ದೂ ಅದನ್ನೇ. ನಿವೃತ್ತಿಯಾಗಿ ಹಳೆಯ ಮನೆಯನ್ನು ನಾನೇ ನೋಡಿಕೊಳ್ಳಬೇಕಾಗಿ ಬಂದಾಗ, ಹೊಸದನ್ನು ಕಟ್ಟುವ ವಿದ್ಯೆ ಇದ್ದದ್ದನ್ನು ಉಳಿಸಿಕೊಳ್ಳುವುದಕ್ಕೆ ಸಾಲುವುದಿಲ್ಲ ಎಂದು ತಿಳಿಯಿತು. ಇವತ್ತು ಹೇಳುವುದೆಲ್ಲ ಆಮೇಲೆ ಮೇಸ್ತ್ರಿಗಳಿಂದ, ಆಚಾರಿಗಳಿಂದ, ಕಲಾಯಿಯವರಿಂದ ಮತ್ತು ನನ್ನ ಮಾವನವರ ಲೆಕ್ಕದ ಪುಸ್ತಕಗಳಿಂದ ಕಲಿತದ್ದು.

ಅವರೆಲ್ಲರ ಮಾತಿನ ಕೆಳಗೆ ಒಂದೇ ತಿಳಿವಳಿಕೆ ಹರಿಯುತ್ತಿತ್ತು. ಚೆನ್ನಾಗಿ ಮಾಡಿದ ಯಾವುದೇ ವಸ್ತುವಿನಲ್ಲಿ ಸವೆಯುವುದಕ್ಕೆಂದೇ ಇಟ್ಟ ಒಂದು ಭಾಗ ಇರುತ್ತದೆ. ಅದು ಅಗ್ಗದ್ದು, ಮೆತ್ತಗಿನದು, ಸುಲಭವಾಗಿ ತೆಗೆದು ಬೇರೆ ಹಾಕಬಹುದಾದದ್ದು. ಅದು ಸವೆಯುತ್ತಾ ಹೋದರೆ ದುಬಾರಿಯ ಭಾಗ ಉಳಿಯುತ್ತದೆ. ರಿಪೇರಿಯ ಜ್ಞಾನವೆಂದರೆ ಬಹುಮಟ್ಟಿಗೆ ಆ ಭಾಗ ಯಾವುದೆಂದು ಗುರುತಿಸುವುದು. ಹಾಳುಮಾಡುವ ರಿಪೇರಿಗಳಲ್ಲಿ ಹೆಚ್ಚಿನವು, 'ಗಟ್ಟಿ ಮಾಡಿಬಿಡೋಣ' ಎಂದುಕೊಂಡು ಆ ಮೆತ್ತಗಿನ ಭಾಗವನ್ನೇ ಉಳಿದದ್ದಕ್ಕಿಂತ ಗಟ್ಟಿ ಮಾಡಿದಾಗ ಆಗುವಂಥವು.

ನಲ್ಲಿಯನ್ನೇ ನೋಡಿ. ಹಳೆಯ ಮಾದರಿಯ ಹಿತ್ತಾಳೆ ನಲ್ಲಿಯೊಳಗೆ ಒಂದು ತೂತು, ಅದರ ಸುತ್ತ ಉಂಗುರದಂಥ ಅಂಚು. ತಿರುಪು ಕೆಳಗಿಳಿದಾಗ ರಬ್ಬರಿನ ಅಥವಾ ಚರ್ಮದ ವಾಷರ್ ಆ ಅಂಚಿನ ಮೇಲೆ ಕೂತು ನೀರನ್ನು ತಡೆಯುತ್ತದೆ. ವಾಷರ್ ಸವೆದರೆ ಹನಿ ಬೀಳುತ್ತದೆ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ನಾಲ್ಕು ಲೀಟರು ದಾಟುತ್ತದೆ. ನೀರು ಹೋಗುವುದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ನಾವು ಮಾಡುವ ಉಪಾಯದಲ್ಲಿದೆ. ಸೋರುವ ನಲ್ಲಿಯನ್ನು ಮನೆಮಂದಿಯೆಲ್ಲ ಬಲ ಹಾಕಿ ತಿರುಗಿಸುತ್ತಾರೆ. ಸವೆದ ವಾಷರನ್ನು ಹಿಡಿದಿರುವ ಲೋಹ ಹಿತ್ತಾಳೆಯ ಅಂಚನ್ನೇ ಒತ್ತಿ ಗೀರುತ್ತದೆ. ಅಂಚಿನಲ್ಲಿ ಒಂದು ಗೀರು ಬಿದ್ದ ಮೇಲೆ ಎಷ್ಟು ಹೊಸ ವಾಷರ್ ಹಾಕಿದರೂ ಹನಿ ನಿಲ್ಲುವುದಿಲ್ಲ. ಕೆಲವೇ ರೂಪಾಯಿಯ ಕೆಲಸ ಹೀಗೆ ಇಡೀ ನಲ್ಲಿಯ ಕೆಲಸವಾಗುತ್ತದೆ.

ನಿಮ್ಮ ಅಡುಗೆಮನೆಯ ಕುಕ್ಕರಿನ ಮುಚ್ಚಳದಲ್ಲಿ ವಿಷಲ್‌ನಿಂದ ಸ್ವಲ್ಪ ದೂರದಲ್ಲಿ ಒಂದು ಚಿಕ್ಕ ಗುಂಡಿಯಂಥದ್ದು ಇರುತ್ತದೆ, ಸೇಫ್ಟಿ ವಾಲ್ವ್. ಅದರ ನಡುವಿನಲ್ಲಿ ಬೇಗ ಕರಗುವ ಮಿಶ್ರಲೋಹವನ್ನು ತುಂಬಿರುತ್ತಾರೆ. ನೀರಿರುವವರೆಗೆ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ. ನೀರು ಆರಿದರೆ ಬಿಸಿ ಒಮ್ಮೆಲೇ ಏರುತ್ತದೆ. ಆಗ ಆ ಲೋಹ ಕರಗಿ ತೂತು ಬಿಡುತ್ತದೆ, ಆವಿ ಹೊರಬರುತ್ತದೆ, ಪಾತ್ರೆಯೂ ಎದುರಿಗೆ ನಿಂತವರೂ ಉಳಿಯುತ್ತಾರೆ. 'ಪದೇ ಪದೇ ಹೋಗುತ್ತದೆ' ಎಂದು ಅದರ ತೂತಿಗೆ ಬೇರೇನನ್ನೋ ಬಿಗಿದು ಮುಚ್ಚಿದ್ದನ್ನು ನಾನು ಎರಡು ಮನೆಗಳಲ್ಲಿ ಕಂಡಿದ್ದೇನೆ. ಸಭೆಯಲ್ಲಿರುವ ತಾಯಂದಿರಿಗೂ, ಅಡುಗೆ ಮಾಡುವ ಗಂಡಸರಿಗೂ ಕೈಮುಗಿದು ಹೇಳುತ್ತೇನೆ: ಹಾಗೆ ಮಾಡಬೇಡಿ. ಅದೇ ಕುಕ್ಕರಿನ ಕಂಪನಿಯ ವಾಲ್ವನ್ನೇ ತಂದು ಹಾಕಿ. ಅದು ಪದೇ ಪದೇ ಹೋಗುತ್ತಿದ್ದರೆ ತಪ್ಪು ನೀರಿನ ಅಳತೆಯಲ್ಲಿದೆ, ಇಲ್ಲವೇ ವಿಷಲ್‌ನ ತೂತು ಕಟ್ಟಿಕೊಂಡಿದೆ.

ಫ್ಯೂಸಿನ ತಂತಿಯದೂ ಇದೇ ಕಥೆ. ತೆಳ್ಳಗಿನ ತಂತಿ ಕರಗಲೆಂದೇ ಇರುವುದು. ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಿದರೆ ಫ್ಯೂಸು ಉಳಿಯುತ್ತದೆ, ಗೋಡೆಯೊಳಗಿನ ವಯರಿಂಗು ಸುಡುತ್ತದೆ.

ಕಲಾಯಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ಕೆಲಸವನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿ ಅರ್ಧದಷ್ಟೂ ಇರಲಾರರು. ನಮ್ಮ ಮನೆಯಂಗಳಕ್ಕೆ ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಕಲಾಯಿ ಸಾಬರು ಬರುತ್ತಿದ್ದರು. ನೆಲದಲ್ಲಿ ಗುಂಡಿ ತೋಡಿ, ತಿದಿಯ ಬಾಯನ್ನು ಅದರ ತಳಕ್ಕೆ ಕೊಟ್ಟು ಇದ್ದಿಲು ಹಾಕುತ್ತಿದ್ದರು. ಪಾತ್ರೆಯನ್ನು ಹೊಯಿಗೆ ಹಾಕಿ ಕಾಲಿನಿಂದ ಉಜ್ಜಿ, ಬೆಂಕಿಯ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದರು. ಕಾದ ಪಾತ್ರೆಗೆ ಒಂದು ಚಿಟಿಕೆ ನವಸಾಗರ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು, ಮೂಗು ಸುಡುವ ವಾಸನೆ. ಆ ನವಸಾಗರ ತಾಮ್ರದ ಮೇಲಿನ ಕಿಲುಬನ್ನು ತಿಂದು ಲೋಹದ ಮೈಯನ್ನು ಬರಿದು ಮಾಡುತ್ತದೆ. ಹಾಗೆ ಮಾಡದೆ ತವರ ಹಿಡಿಯುವುದಿಲ್ಲ. ಆಮೇಲೆ ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸುತ್ತಿದ್ದರು ಅಷ್ಟೆ. ತವರ 232 ಡಿಗ್ರಿಗೇ ಕರಗುತ್ತದೆ, ತಾಮ್ರ ಕರಗಲು 1,085 ಡಿಗ್ರಿ ಬೇಕು. ಕರಗಿದ ಹನಿಯನ್ನು ಹತ್ತಿಯ ಉಂಡೆಯಿಂದ ಸವರಿದರೆ ಕೆಂಪು ಪಾತ್ರೆಯ ಒಳಗೆಲ್ಲ ಬೆಳ್ಳಿ ಹರಡಿದ ಹಾಗೆ ಕಾಣುತ್ತಿತ್ತು. ಕೂಡಲೇ ನೀರಿಗೆ ಅದ್ದಿದಾಗ ಬರುವ ಚುಂಯ್ ಎಂಬ ಸದ್ದಿಗೆ ನಾವು ಮಕ್ಕಳು ಕಾದು ನಿಂತಿರುತ್ತಿದ್ದೆವು.

ತವರ ತಾಮ್ರಕ್ಕಿಂತ ಎಷ್ಟೋ ದುಬಾರಿ. ಹಾಗಾದರೆ ಸವೆಯುವ ಭಾಗ ಅಗ್ಗ ಎಂದಿರಲ್ಲ ಎಂದು ನೀವು ಕೇಳಬಹುದು. ಕಿಲೋ ಲೆಕ್ಕದಲ್ಲಿ ದುಬಾರಿ; ಪಾತ್ರೆಗೆ ಹಿಡಿಯುವುದು ಕೂದಲಿಗಿಂತ ತೆಳ್ಳಗಿನ ಪದರ, ಆದ್ದರಿಂದ ಪಾತ್ರೆಯ ಲೆಕ್ಕದಲ್ಲಿ ಅಗ್ಗ. ಬೆಲೆಯನ್ನು ಯಾವ ಅಳತೆಯಲ್ಲಿ ಕೇಳಬೇಕು ಎಂಬುದೂ ತಿಳಿವಳಿಕೆಯ ಒಂದು ಭಾಗ. ಹುಳಿ ಸಾರು ತಾಮ್ರಕ್ಕೆ ತಾಗಿದರೆ ವಿಷವಾಗುತ್ತದೆ, ತಾಗದಂತೆ ತವರ ನಡುವೆ ನಿಂತು ತಾನು ಸವೆಯುತ್ತದೆ. ಕಬ್ಬಿಣದ ನಾರಿನಿಂದ ತಿಕ್ಕಿದರೆ, ಖಾಲಿ ಪಾತ್ರೆಯನ್ನು ಗ್ಯಾಸಿನ ದೊಡ್ಡ ಉರಿಯ ಮೇಲೆ ಮರೆತರೆ ಒಂದು ವರ್ಷದ ಕಲಾಯಿ ಒಂದೇ ದಿನ ಹೋಗುತ್ತದೆ. ತವರ ದುಬಾರಿಯಾದ್ದರಿಂದಲೇ ಅದರಲ್ಲಿ ಸೀಸ ಬೆರೆಸುವವರಿದ್ದಾರೆ, ಅದು ಅಡುಗೆ ಪಾತ್ರೆಗೆ ಸೇರಲೇಬಾರದ ಲೋಹ. ನಮ್ಮ ಅತ್ತೆ ಒಂದು ಪರೀಕ್ಷೆ ಮಾಡುತ್ತಿದ್ದರು. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಶುದ್ಧ ತವರ ಕರಕರ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಬಿಳಿ ಕಾಗದದ ಮೇಲೆ ಎಳೆದರೆ ಸೀಸ ಬೆರೆತದ್ದು ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಅತ್ತೆ ಓದಿದ್ದು ನಾಲ್ಕನೆಯ ತರಗತಿ. ಲೋಹದ ಹರಳುಗಳು ಬಗ್ಗುವಾಗ ಮಗ್ಗುಲು ಬದಲಿಸುವುದರಿಂದ ಆ ಸದ್ದು ಬರುತ್ತದೆ ಎಂದು ನಾನು ಅವರಿಗೆ ವಿವರಿಸಿದಾಗ, 'ಅದು ಹೌದು, ಮೊದಲು ನೀನು ಕೇಳಿ ನೋಡು' ಎಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಪುಸ್ತಕದಲ್ಲಿ ಓದಿದ್ದ ಸದ್ದನ್ನು ಅವತ್ತೇ ನಾನು ಮೊದಲು ಕೇಳಿದ್ದು.

ಇನ್ನು ಮಾಡಿನ ವಿಷಯ. ನಮ್ಮ ಕರಾವಳಿಯವರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ದುರಸ್ತಿಯ ಪಾಠ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಮೊದಲು ಇಲ್ಲಿ ಮುಳಿಹುಲ್ಲಿನ ಮಾಡುಗಳಿದ್ದವು. ಮಳೆಗೆ ಮುಂಚೆ ಹೊಸ ಹುಲ್ಲು ಹೊದಿಸುವುದು ವರ್ಷವರ್ಷದ ಕೆಲಸ, ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಮುದ್ರಣಾಲಯದ ಕೆಲಸಕ್ಕೆಂದು ಬಂದವರು ನೇತ್ರಾವತಿಯ ದಂಡೆಯ ಆವೆಮಣ್ಣನ್ನು ಕಂಡು ಹಂಚಿಗೆ ಇಳಿದರು. ಒಂದರೊಳಗೊಂದು ಕೂರುವ ಹಂಚು ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಅಲ್ಸಾಸಿನಲ್ಲಿ ಜಿಲಾರ್ಡೋನಿ ಸಹೋದರರು ಅಂಥದ್ದಕ್ಕೆ 1841ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಇಲ್ಲಿಯ ಮಣ್ಣಿಗೂ ಇಲ್ಲಿಯ ಮಳೆಗೂ ಅದು ಹೇಳಿ ಮಾಡಿಸಿದಂತಾಯಿತು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಬಂತು, ಮುಂದೆ ನದಿಯ ದಂಡೆಗಳಲ್ಲಿ ಚಿಮಣಿಗಳ ಸಾಲೇ ಎದ್ದಿತು.

ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. 1865 ಎಂದು ಇದ್ದರೆ 'ನಮ್ಮದು 1865ರ ಹಂಚು' ಎಂದು ಹಲವರು ಹೆಮ್ಮೆಯಿಂದ ತೋರಿಸುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಹಂಚು ಹುಟ್ಟಿದ್ದು ಅದಕ್ಕೆ ಎಷ್ಟೋ ವರ್ಷಗಳ ನಂತರ ಇರಬಹುದು. ಆದರೆ ಆ ಮುದ್ರೆಗೆ ಬೇರೆಯೇ ಬೆಲೆ ಇದೆ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಗೀರು ಒಂದು ನೂಲು ಆಚೀಚೆ ಆದರೂ ಪಕ್ಕದ ಹಂಚು ಸರಿಯಾಗಿ ಕೂರುವುದಿಲ್ಲ, ಆ ಸಂದಿನಿಂದ ಗಾಳಿಮಳೆ ಒಳಗೆ ಬರುತ್ತದೆ. ಹಳೆಯ ಹಂಚು ಕೊಳ್ಳಲು ಹೋಗುವ ಮುಂಚೆ ನಿಮ್ಮ ಮಾಡಿನ ಒಂದು ಹಂಚು ಇಳಿಸಿ ಬೆನ್ನಿನ ಹೆಸರು ಬರೆದುಕೊಳ್ಳಿ. ಸಾಧ್ಯವಾದರೆ ಆ ಹಂಚನ್ನೇ ಜೊತೆಗೆ ಒಯ್ಯಿರಿ.

ಒಂದು ಹಂಚು ಸುಮಾರು 16 ಇಂಚು ಉದ್ದ, ಎರಡರಿಂದ ಮೂರು ಕಿಲೋ ನಡುವಿನ ತೂಕ. ಒಂದು ಚದರಕ್ಕೆ, ಎಂದರೆ ನೂರು ಚದರಡಿಗೆ, 150ರ ಹತ್ತಿರ ಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ಮಳೆ ನೂರು ಚದರಡಿಯ ಮೇಲೆ ಬಿದ್ದರೆ 32,000 ಲೀಟರು ಮೀರುತ್ತದೆ. ಅಷ್ಟು ನೀರನ್ನು ಒಂದು ಮೊಳೆಯಿಲ್ಲದೆ, ಒಂದು ಚಿಟಿಕೆ ಗಾರೆಯಿಲ್ಲದೆ, ರೀಪಿನ ಮೇಲೆ ಬರೀ ಕೊಕ್ಕೆ ಹಾಕಿ ಕೂತ ಹಂಚುಗಳು ಅಂಗಳಕ್ಕೆ ದಾಟಿಸುತ್ತವೆ. ಸಡಿಲವಾಗಿ ಕೂತಿರುವುದೇ ಅದರ ಗುಣ. ಒಂದು ತೆಂಗಿನಕಾಯಿ ಬಿದ್ದು ಹಂಚು ಒಡೆದರೆ ಆ ಒಂದೇ ಹಂಚು ಹೋಗುತ್ತದೆ, ಕೆಳಗಿನ ಪಕ್ಕಾಸು ನೆನೆಯುವುದರೊಳಗೆ ಬದಲಾಯಿಸಬಹುದು. ಮುಚ್ಚಿಗೆ ಇಲ್ಲದ ಕಡೆ ಏಣಿ ಹಾಕಿ ಮಾಡು ಹತ್ತಬೇಕಾದ್ದೂ ಇಲ್ಲ. ಅಟ್ಟದಲ್ಲಿ ನಿಂತು, ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಒಳಗೆಳೆದು ಹೊಸದನ್ನು ಜಾರಿಸಿದರೆ ಮುಗಿಯಿತು.

ಇದನ್ನು 'ಗಟ್ಟಿ' ಮಾಡಲು ಹೋದವರ ಮಾಡುಗಳನ್ನು ನೋಡಿದ್ದೇನೆ. ಮಂಗಗಳ ಕಾಟ ತಾಳಲಾರದೆ ಒಂದು ಮನೆಯವರು ಹಂಚುಗಳ ಸಂದಿಗೆಲ್ಲ ಸಿಮೆಂಟು ಬಳಿಸಿದರು. ಮಂಗಗಳ ಕಾಟ ಎಷ್ಟೆಂದು ಬಲ್ಲವಳಾದ್ದರಿಂದ ಅವರನ್ನು ದೂರಲಾರೆ. ಆದರೆ ಮುಂದಿನ ಮಳೆಯಲ್ಲಿ ಒಂದು ಹಂಚು ಬಿರುಕು ಬಿಟ್ಟಿತು. ಅದನ್ನು ತೆಗೆಯಲು ಹೋದಾಗ ಅಂಟಿಕೊಂಡಿದ್ದ ಅಕ್ಕಪಕ್ಕದ ನಾಲ್ಕು ಒಡೆದವು, ಅವುಗಳನ್ನು ತೆಗೆಯಲು ಮತ್ತಷ್ಟು. ಬಿಸಿಲಿಗೆ ಹಂಚು ಹಿಗ್ಗುವುದು ಒಂದು ಅಳತೆ, ಸಿಮೆಂಟು ಹಿಗ್ಗುವುದು ಇನ್ನೊಂದು. ಹಾಗೆ ನಡುವೆ ಬಿಟ್ಟ ಕೂದಲೆಳೆಯ ಬಿರುಕಿನಲ್ಲಿ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ರೀಪಿನ ಮೇಲೆ ಕೂತಿತು. ಮೂರನೆಯ ವರ್ಷ ರೀಪುಗಳನ್ನೇ ಬದಲಿಸಬೇಕಾಯಿತು.

ಮಾಡು ಸೋರುವುದಕ್ಕೆ ಹಂಚು ಒಡೆದಿರಲೇಬೇಕೆಂದಿಲ್ಲ. ಹೆಚ್ಚಿನ ಸಲ ತರಗೆಲೆ, ಹಲಸಿನ ಹೂವಿನ ಕಸ, ಪಾಚಿ ಸೇರಿ ಹಂಚಿನ ಗೀರನ್ನು ಕಟ್ಟಿರುತ್ತವೆ. ನೀರು ಉಕ್ಕಿ ಪಕ್ಕಕ್ಕೆ ಹರಿದು ಒಳಗೆ ಇಳಿಯುತ್ತದೆ. ಎರಡು ಮಾಡುಗಳು ಕೂಡುವ ಮೂಲೆಯ ತಗಡಿನಲ್ಲಂತೂ ಇದು ಖಚಿತ. ಮೇ ತಿಂಗಳಲ್ಲಿ ಒಂದು ದಿನ ಹಂಚು ಕೈಯಾಡಿಸಿ ಗುಡಿಸಿದರೆ ಸಾಕು. ಕೈಯಾಡಿಸುವವರು ಹಂಚು ರೀಪಿನ ಮೇಲೆ ಕೂತ ಜಾಗದಲ್ಲೇ ಕಾಲಿಡುತ್ತಾರೆ, ನಡುವಿನಲ್ಲಿ ಇಡುವುದಿಲ್ಲ. ಅವರು ಕೆಲಸ ಬಲ್ಲವರೇ ಎಂದು ತಿಳಿಯಲು ನಾನು ನೋಡುವುದು ಅವರ ಪಾದಗಳನ್ನು.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನಮ್ಮ ಮನೆಯ ಪಡುಬದಿಯ ಗೋಡೆ ಮುರಕಲ್ಲಿನದು, ಮೇಲೆ ಚಿಪ್ಪಿನ ಸುಣ್ಣದ ಗಾರೆ. ಮಳೆಯ ಹೊಡೆತಕ್ಕೆ ಗಾರೆ ಅಲ್ಲಲ್ಲಿ ಉದುರಿತ್ತು. ಹಳೆಯ ಗಾರೆ ಕೆರೆಸಿ, ಒಂದಕ್ಕೆ ಮೂರರ ಬಿಗಿ ಸಿಮೆಂಟು ಗಾರೆ ಮಾಡಿಸಿದೆ. ಕೆಲಸ ವಹಿಸಿಕೊಂಡವರು ಹೇಳಿದ್ದೂ ಅದನ್ನೇ, ನಾನು ಒಪ್ಪಿದ್ದೂ ಅದನ್ನೇ. ಮೊದಲ ಮಳೆಗಾಲ ಗೋಡೆ ಕನ್ನಡಿಯಂತಿತ್ತು. ಎರಡನೆಯದರಲ್ಲಿ ಒಳಗಿನ ಕೋಣೆಯ ಸುಣ್ಣ ಹೊಪ್ಪಳೆ ಏಳತೊಡಗಿತು, ಕಪಾಟಿನ ಬಟ್ಟೆಗಳಿಗೆ ಬೂಸ್ಟು ಹಿಡಿಯಿತು. ನಾಲ್ಕನೆಯ ವರ್ಷ ಹೊರಗಿನ ಗಾರೆ ಹಲಗೆ ಹಲಗೆಯಾಗಿ ಕಳಚಿತು. ಬೀಳುವಾಗ ಕಲ್ಲಿನ ಮೈಯನ್ನು ಅರ್ಧ ಇಂಚಿನಷ್ಟು ಅಂಟಿಸಿಕೊಂಡೇ ಬಿತ್ತು.

ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಬಿದ್ದ ತುಂಡನ್ನು ಎತ್ತಿಕೊಂಡು, ಕಲ್ಲು ಅಂಟಿದ ಬದಿಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದರು. ಕೆಂಪು ಪುಡಿ ಉದುರಿತು. ಸಿಮೆಂಟಿನ ಬದಿಯನ್ನು ಕೆರೆದರು, ಉಗುರಿಗೆ ಏನೂ ಆಗಲಿಲ್ಲ, ಸಿಮೆಂಟಿಗೂ ಆಗಲಿಲ್ಲ. 'ನೋಡಿ ಟೀಚರೇ' ಎಂದರು, 'ಅಂಗಿ ಮೈಗಿಂತ ಗಟ್ಟಿ ಆಯ್ತು.'

ಮುರಕಲ್ಲು ಮೆತ್ತಗಿನ ಕಲ್ಲು. ನೆಲದಿಂದ ಕಡಿಯುವಾಗ ಕೊಡಲಿಯಲ್ಲಿ ಕೆತ್ತಬಹುದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಹಾಗೆ ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಕಂಡೇ ಫ್ರಾನ್ಸಿಸ್ ಬುಕನನ್ 1807ರ ತನ್ನ ಪುಸ್ತಕದಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇದರ ಮೈತುಂಬ ಸಣ್ಣ ತೂತುಗಳು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ ಆ ನೀರಿಗೆ ದಾರಿ ಕೊಡುತ್ತದೆ. ದಾರಿ ಕೊಡುತ್ತಾ ತಾನು ಸ್ವಲ್ಪ ಸ್ವಲ್ಪವೇ ಉದುರುತ್ತದೆ, ಕಲ್ಲು ಹಾಗೆಯೇ ಉಳಿಯುತ್ತದೆ. ಸಿಮೆಂಟು ದಾರಿ ಕೊಡುವುದು ಬಹಳ ಕಡಿಮೆ. ಒಂದು ಕೂದಲೆಳೆಯ ಬಿರುಕಿನಿಂದ ಒಳಗೆ ಹೋದ ನೀರು ಹೊರಬರಲಾರದೆ ಕಲ್ಲಿನಲ್ಲೇ ಕೂರುತ್ತದೆ, ಒಳಗಿನ ಕೋಣೆಗೆ ಇಳಿಯುತ್ತದೆ, ಕೊನೆಗೆ ಕಲ್ಲಿನ ಮೈಯನ್ನೇ ಕಳಚುತ್ತದೆ. ಗಾರೆ ಉದುರುವುದನ್ನು ನಾನು ರೋಗವೆಂದು ತಿಳಿದಿದ್ದೆ. ಅದು ಗೋಡೆಯನ್ನು ಕಾಯುತ್ತಿದ್ದ ರೀತಿ ಎಂಬುದು ಅವತ್ತು ಆ ಉಗುರಿನ ಗೀರಿನಲ್ಲಿ ಕಂಡಿತು. ಸಿಮೆಂಟು ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಕಾಂಕ್ರೀಟಿನ ಚಾವಣಿಗೆ, ನೀರಿನ ಟಾಂಕಿಗೆ ಅದೇ ಬೇಕು. ಮುರಕಲ್ಲಿನ ಹಳೆಯ ಗೋಡೆಗೆ ಅದು ಒಗ್ಗುವುದಿಲ್ಲ.

ಆ ಗೋಡೆಗೆ ಮತ್ತೆ ಸುಣ್ಣದ ಗಾರೆಯನ್ನೇ ಮಾಡಿಸಿದೆವು. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಹೊಯಿಗೆ ಬೆರೆಸಿ, ಬೆಲ್ಲದ ನೀರು ಸೇರಿಸಿ ಮಾಡಿದ ಗಾರೆ. ಅದು ಗಟ್ಟಿಯಾಗುವುದು ನಿಧಾನ. ಸುಟ್ಟಾಗ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮರಳಿ ಪಡೆಯುತ್ತಾ ಮತ್ತೆ ಕಲ್ಲಾಗಬೇಕು. ಕೂಲಿ ಹೆಚ್ಚು ದಿನ ಬಿತ್ತು. ಆ ಕೆಲಸ ಬಲ್ಲವರನ್ನು ಹುಡುಕಲು ಅದಕ್ಕಿಂತ ಹೆಚ್ಚು ದಿನ ಬಿತ್ತು.

ಈಗ ಖರ್ಚಿನ ಮಾತಿಗೆ ಬರುತ್ತೇನೆ. ನಮ್ಮ ಎಸ್ಟಿಮೇಟಿಂಗ್ ಪಾಠದಲ್ಲಿ ಸಾಮಗ್ರಿ, ಕೂಲಿ, ಸಾಗಾಟ, ಗುತ್ತಿಗೆದಾರರ ಲಾಭ ಎಂದು ಲೆಕ್ಕ ಹಾಕುತ್ತಿದ್ದೆವು. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ನಾವು ಎಸ್.ಆರ್. ಎನ್ನುವ ಪುಸ್ತಕ, ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತಿತ್ತು. ಹೊಸ ಕೆಲಸಕ್ಕೆ ಆ ಲೆಕ್ಕ ಸರಿ. ರಿಪೇರಿಯಲ್ಲಿ ಅದರಲ್ಲಿ ಕಾಣದ ಒಂದು ಖರ್ಚು ಇದೆ, ಅದನ್ನು ನಾನು ತಲುಪುವ ಖರ್ಚು ಎನ್ನುತ್ತೇನೆ. ಗೋಡೆಯ ಒಳಗೆ ಹುಗಿದ ಪೈಪಿನ ಒಂದು ಜಾಯಿಂಟ್ ಸೋರಿದರೆ ಜಾಯಿಂಟಿನ ಬೆಲೆ ಊಟದ ಬೆಲೆಗಿಂತ ಕಡಿಮೆ. ಆದರೆ ಅಲ್ಲಿಗೆ ತಲುಪಲು ಟೈಲ್ಸ್ ಒಡೆಯಬೇಕು, ಗೋಡೆ ಕೊರೆಯಬೇಕು, ಮತ್ತೆ ಅದೇ ಬಣ್ಣದ ಟೈಲ್ಸ್ ಹುಡುಕಬೇಕು. ಆ ಬಣ್ಣ ಅಂಗಡಿಯಲ್ಲಿ ಎಂದೋ ನಿಂತಿರುತ್ತದೆ. ಮನೆ ಕಟ್ಟುವವರು ನನ್ನಲ್ಲಿ ಸಲಹೆ ಕೇಳಿದರೆ ಎರಡೇ ಮಾತು ಹೇಳುತ್ತೇನೆ. ಪೈಪು ಮತ್ತು ವಯರು ಎಲ್ಲಿ ಹೋಗಿವೆ ಎಂದು ಗಾರೆ ಮಾಡುವ ಮುಂಚೆ, ಅಳತೆಗೋಲು ಹಿಡಿದು, ಫೋಟೋ ತೆಗೆದಿಡಿ. ಉಳಿದ ಟೈಲ್ಸಿನ ಒಂದು ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡಿ.

ತೋಟದವರಿಗೆ ಒಂದು ಮಾತು. ಪಂಪಿನ ಮೋಟಾರಿನಲ್ಲಿ ಸವೆಯಬೇಕಾದದ್ದು ಬೇರಿಂಗ್. ಅದು ಸವೆದಾಗ ಕರಕರ ಸದ್ದು ಮಾಡಿ ಹೇಳುತ್ತದೆ. 'ಈ ಬೇಸಗೆ ಕಳೆಯಲಿ' ಎಂದು ಮುಂದೆ ಹಾಕಿದರೆ ತಿರುಗುವ ಭಾಗ ಸುತ್ತಲಿನ ಭಾಗಕ್ಕೆ ಉಜ್ಜಿ ವೈಂಡಿಂಗ್ ಸುಡುತ್ತದೆ. ಮೂರು ಫೇಸಿನಲ್ಲಿ ಒಂದು ಹೋಗಿಯೂ ಮೋಟಾರ್ ಓಡುತ್ತಿದ್ದರೆ ಅದೇ ಗತಿ. ರಿವೈಂಡಿಂಗ್ ಬಿಲ್ಲಿನಲ್ಲಿ ದೊಡ್ಡ ಪಾಲು ತಾಮ್ರದ್ದು. ಹೊಸ ತಂತಿಯ ತೂಕ ಎಷ್ಟು, ಗೇಜ್ ಎಷ್ಟು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಚ್ಚಿ ತೆಗೆದ ಹಳೆಯ ತಾಮ್ರ ನಿಮ್ಮದು, ಅದಕ್ಕೂ ಬೆಲೆ ಇದೆ, ಕೇಳಿ ಪಡೆಯಿರಿ. ಕೇಳುವುದರಲ್ಲಿ ಸಂಕೋಚ ಬೇಡ. ಕೆಲಸ ಬಲ್ಲ ರಿವೈಂಡಿಂಗಿನವರು ಅಂಥ ಪ್ರಶ್ನೆ ಕೇಳಿದರೆ ಸಂತೋಷಪಡುತ್ತಾರೆ.

ಈಗಿನ ವಸ್ತುಗಳಲ್ಲಿ ಸವೆಯುವ ಭಾಗವನ್ನೇ ನಮ್ಮ ಕೈಗೆ ಸಿಗದಂತೆ ಇಡುತ್ತಾರೆ. ಮೊಬೈಲಿನಲ್ಲಿ ಮೊದಲು ಸೋಲುವುದು ಬ್ಯಾಟರಿ, ಅದು ಎಲ್ಲರಿಗೂ ಗೊತ್ತಿರುವ ರಸಾಯನ. ಹಿಂದೆ ಉಗುರಿನಿಂದ ಮುಚ್ಚಳ ತೆಗೆದು ಬದಲಾಯಿಸುತ್ತಿದ್ದೆವು, ಈಗ ಅಂಟು ಹಾಕಿ ಕೂರಿಸುತ್ತಾರೆ. ಹಂಚಿನ ಸಂದಿಗೆ ಸಿಮೆಂಟು ಬಳಿದ ಹಾಗೆಯೇ ಇದು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ 2027ರ ಫೆಬ್ರುವರಿಯಿಂದ ಅಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವಂತಿರಬೇಕು. ನಮ್ಮ ದೇಶದಲ್ಲಿಯೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಇವು ಅದರ ವ್ಯಾಪ್ತಿಗೆ ಬಂದವು. ಕಾನೂನು ಬರುವುದು ಬರಲಿ. ಅಷ್ಟರವರೆಗೆ ಕೊಳ್ಳುವಾಗಲೇ 'ಇದರಲ್ಲಿ ಮೊದಲು ಯಾವುದು ಹೋಗುತ್ತದೆ, ಅದು ಬೇರೆಯಾಗಿ ಸಿಗುತ್ತದೆಯೇ, ಹಾಕುವವರು ಯಾರು' ಎಂದು ಕೇಳುವುದು ನಮ್ಮ ಕೈಯಲ್ಲಿದೆ. ಆ ಹಾರ್ಡ್‌ವೇರ್ ಅಂಗಡಿಯ ಪ್ರಶ್ನೆಯನ್ನು ಈಗ ಗಿರಾಕಿಗಳಾದ ನಾವು ಕೇಳಬೇಕಾಗಿದೆ.

ಕೊನೆಯದಾಗಿ ಮಾವನವರ ಪುಸ್ತಕದ ವಿಷಯ. ಪ್ರತಿ ವರ್ಷ ಮೇ ತಿಂಗಳ ಪುಟದಲ್ಲಿ ಅವರು ಮಾಡಿನ ಖರ್ಚು ಬರೆಯುತ್ತಿದ್ದರು: ಆಳು ಎಷ್ಟು, ಒಡೆದ ಹಂಚು ಎಷ್ಟು, ದಾಸ್ತಾನಿನಲ್ಲಿ ಉಳಿದದ್ದು ಎಷ್ಟು. ಮನೆ ಕಟ್ಟಿಸುವಾಗಲೇ ಹೆಚ್ಚಿಗೆ ಇನ್ನೂರು ಹಂಚು ತರಿಸಿ ಹಟ್ಟಿಯ ಹಿಂದೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿ ಇಟ್ಟಿದ್ದರು. ವರ್ಷಕ್ಕೆ ಮೂರೋ ನಾಲ್ಕೋ ಕಳೆಯುತ್ತಾ ಬಂದು ನನ್ನ ಕೈಗೆ ಬಂದಾಗ 41 ಇದ್ದವು. ಈ ಮೇ ತಿಂಗಳಿಗೆ 11. ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ನಮ್ಮ ಕಡೆ ಈಗ ಮೇಸ್ತ್ರಿಯ ದಿನದ ಸಂಬಳ ಸಾವಿರ ರೂಪಾಯಿ ದಾಟಿರುವಾಗ ಹಂಚಿನ ಬೆಲೆ ಖರ್ಚಿನ ದೊಡ್ಡ ಭಾಗವೇನೂ ಅಲ್ಲ, ಅದೇ ಅಚ್ಚಿನ ಹಂಚು ಸಿಗುವುದೇ ಕಷ್ಟ. ಹಳೆಯ ಮನೆ ಕೆಡವುವ ಕಡೆಗಳಲ್ಲಿ ಜೆಸಿಬಿ ಒಂದೇ ಬೆಳಿಗ್ಗೆ ಸಾವಿರಾರು ಹಂಚುಗಳನ್ನು ಪುಡಿ ಮಾಡಿ ಗುಂಡಿಗೆ ತುಂಬುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಯಾರ ಮನೆಯಾದರೂ ಕೆಡವುವುದಿದ್ದರೆ ದಯವಿಟ್ಟು ಒಂದು ದಿನ ಮುಂಚಿತವಾಗಿ ತಿಳಿಸಿ. ಹಂಚು ಇಳಿಸುವ ಆಳಿನ ಸಂಬಳ ನಾನು ಕೊಡುತ್ತೇನೆ, ಬೇಕಾದವರಿಗೆ ಅಚ್ಚು ನೋಡಿ ಹಂಚುತ್ತೇನೆ.

ಹೊರಗೆ ಚಹಾದ ಮೇಜಿನ ಪಕ್ಕದಲ್ಲಿ ಎರಡು ಹಂಚು ಇಟ್ಟಿದ್ದೇನೆ. ನೋಡಲು ಎರಡೂ ಒಂದೇ ಬಣ್ಣ. ಒಂದು ಚೆನ್ನಾಗಿ ಬೆಂದದ್ದು, ಇನ್ನೊಂದು ಅರೆಬೆಂದದ್ದು, ಎರಡು ಮಳೆಗೆ ನೀರು ಕುಡಿದು ಪದರ ಏಳುವಂಥದ್ದು. ಹೋಗುವಾಗ ಒಂದು ಕೈಯಲ್ಲಿ ಅಂಚು ಹಿಡಿದು ತೂಗಿಸಿ, ಇನ್ನೊಂದು ಕೈಯ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಯಾವುದು ಯಾವುದೆಂದು ನಾನು ಹೇಳುವುದಿಲ್ಲ.